ಗಣಿತದ ಭಯಕ್ಕೆ ಎಂ.ಎ. ಬಿಡಲು ಹೊರಟಿದ್ದ ವಿದ್ಯಾರ್ಥಿನಿ

ತಿಪಟೂರು ಕಡೆಯ ತೆಂಗು ಬೆಳೆಗಾರರ ಮನೆಯ ಈ ವಿದ್ಯಾರ್ಥಿನಿ (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ) ಪಿಯುಸಿ, ಬಿ.ಎ. ಎರಡನ್ನೂ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ತುಮಕೂರಿನಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿದ್ದರು. ಮೊದಲ ಸೆಮಿಸ್ಟರಿನ ಗಣಿತ ಪತ್ರಿಕೆಯಲ್ಲಿ ಫೇಲಾದ ಮೇಲೆ, ಓದು ನಿಲ್ಲಿಸಿ ಬಿ.ಇಡಿ. ಮಾಡುವುದೆಂದು ತಾವೇ ತೀರ್ಮಾನಿಸಿ, ಅದನ್ನು ಅಪ್ಪನಿಗೆ ಹೇಗೆ ಹೇಳಬೇಕೆಂದು ಕೇಳಲು ನನ್ನ ಬಳಿ ಬಂದರು.

"ನನಗೆ ತಲೆ ಇಲ್ಲ ಮೇಡಂ, ಬೇರೆಯವರಿಗೆಲ್ಲ ಅರ್ಥ ಆಗುತ್ತೆ" ಎಂಬುದು ಅವರ ಮೊದಲ ಮಾತು. ಊಟ, ನಿದ್ದೆ, ಹಾಸ್ಟೆಲಿನ ಒಡನಾಟ ವಿಚಾರಿಸಿದೆ; ಆತಂಕ ಈ ಒಂದು ಪತ್ರಿಕೆಯನ್ನಷ್ಟೇ ಸುತ್ತಿಕೊಂಡಿತ್ತು. ನೋಟ್‌ಬುಕ್ ತರಿಸಿದೆ. ಲಗ್ರಾಂಜ್ ಗುಣಕದ ಲೆಕ್ಕ (ಒಂದು ನಿರ್ಬಂಧದೊಳಗೆ ಗರಿಷ್ಠ ಅಥವಾ ಕನಿಷ್ಠ ಬೆಲೆ ಕಂಡುಹಿಡಿಯುವ ವಿಧಾನ) ದುಂಡನೆಯ ಅಕ್ಷರದಲ್ಲಿ, ಒಂದು ಚಿಹ್ನೆಯೂ ತಪ್ಪದೆ ನಕಲಾಗಿತ್ತು. ಎರಡನೇ ಸಾಲು ಹೇಗೆ ಬಂತೆಂದು ಕೇಳಿದರೆ ಮಾತ್ರ ಉತ್ತರವಿರಲಿಲ್ಲ. ಆ ಸಾಲಿಗೆ ಬುನಾದಿಯಾದ ಅವಕಲನವನ್ನು (ಡಿಫರೆನ್ಷಿಯೇಷನ್) ಗಣಿತ ತೆಗೆದುಕೊಂಡ ವಿಜ್ಞಾನದ ಮಕ್ಕಳು ಪಿಯುಸಿಯಲ್ಲೇ ಕಲಿತಿರುತ್ತಾರೆ. ಈಕೆಯ ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಐದು ವರ್ಷ ಗಣಿತ ಮುಟ್ಟದವರು ಇದು ತಿಳಿಯದಿದ್ದುದಕ್ಕೆ ತಮ್ಮನ್ನು ದಡ್ಡರೆಂದುಕೊಳ್ಳುವುದು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ.

ತೋಟದ ಲೆಕ್ಕ ಕೇಳಿದೆ. ಕಾಯಿ ಸುಲಿಯುವ ಸಲಾಕೆ ಮೂರೇ ಇರುವಾಗ ನಾಲ್ಕನೆಯ ಆಳು ಬಂದರೆ ಸುಲಿದ ಕಾಯಿ ಎಷ್ಟು ಹೆಚ್ಚೀತು, ಐದನೆಯವನು ಬಂದರೆ? "ಐದನೆಯವನ ಕೂಲಿಯೂ ಹುಟ್ಟಲ್ಲ ಮೇಡಂ" ಎಂದು ತಟ್ಟನೆ ಹೇಳಿದರು. ಒಬ್ಬ ಆಳು ಹೆಚ್ಚಿದಾಗ ಹೆಚ್ಚುವ ಕಾಯಿಯೇ ಸೀಮಾಂತ ಉತ್ಪನ್ನ, ಆ ಹೆಚ್ಚಳವನ್ನು ಅತಿ ಸಣ್ಣ ಬದಲಾವಣೆಗೆ ಅಳೆಯುವ ವಿಧಾನವೇ ಅವಕಲನ ಎಂದಾಗ ಪೆನ್ನು ತೆಗೆದುಕೊಂಡರು.

ಪಿಯುಸಿ ಗಣಿತ ಪುಸ್ತಕದಿಂದ ಮಿತಿ (ಲಿಮಿಟ್), ಅವಕಲನ ಮತ್ತು ಅದರ ಅನ್ವಯ, ಮಾತೃಕೆ (ಮ್ಯಾಟ್ರಿಕ್ಸ್) ಇಷ್ಟನ್ನೇ ಓದಿ, ನಂತರ ಆಂಶಿಕ ಅವಕಲನ (ಹಲವು ಅಂಶಗಳಲ್ಲಿ ಒಂದನ್ನಷ್ಟೇ ಬದಲಿಸಿ ಮಾಡುವ ಅವಕಲನ) ಕಲಿತು, ಆಮೇಲೆ ಲಗ್ರಾಂಜ್‌ಗೆ ಬರುವಂತೆ ಸೂಚಿಸಿದೆ. ದಿನಕ್ಕೊಂದು ಗಂಟೆ ಸಾಕು, ಆದರೆ ಬಿಡಿಸಿದ ಲೆಕ್ಕವನ್ನು ಪುಸ್ತಕ ಮುಚ್ಚಿ ಮತ್ತೆ ಬಿಡಿಸಲೇಬೇಕು. ಒಂದು ಪತ್ರಿಕೆ ಉಳಿದಿದೆ, ಮತ್ತೆ ಬರೆಯುತ್ತೇನೆ ಎಂದು ಅಪ್ಪನಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಲು ತಿಳಿಸಿದೆ. ಬಿ.ಇಡಿ. ಎಂ.ಎ. ಮುಗಿಸಿದ ಮೇಲೂ ಮಾಡಬಹುದು. ಆದರೆ ಈಕೆ ಬಯಸುವ ಕಾಲೇಜು ಅಧ್ಯಾಪನಕ್ಕೆ ಅರ್ಹತೆ ಕೊಡುವ ಕೆ-ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಬರೆಯಲು ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ ಬೇಕು, ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೂ ಸ್ನಾತಕೋತ್ತರ ಪದವಿಯೇ ಅರ್ಹತೆ.

ಬಾಕಿ ಪತ್ರಿಕೆ ಮುಂದಿನ ಪರೀಕ್ಷೆಯಲ್ಲಿ ಪಾಸಾಯಿತು. ಈಗ ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಶುರುವಾಗಿದೆ. ಅದಕ್ಕೆ ಬೇಕಾಗುವ ಮಾತೃಕೆಯ ಅಧ್ಯಾಯವನ್ನು ಇನ್ನೊಮ್ಮೆ ಬಿಡಿಸಲು ಹೇಳಿದ್ದೇನೆ.