ಆರಾಮಿಲ್ಲ ಅಂದ್ರೆ ಹುಷಾರಿಲ್ಲ ಅಂತಾನಾ?

ನಮಸ್ಕಾರ. ನಿಮ್ಮ ಪತ್ರ ಓದಿ ಇಲ್ಲಿ ಎಲ್ರೂ ನಕ್ಬಿಟ್ವಿ, ಬೇಜಾರು ಮಾಡ್ಕೋಬೇಡಿ. ಹುಬ್ಬಳ್ಳಿ ಕಡೆಯೋರು ನೀವು, ಮೈಸೂರಲ್ಲಿ ಹೊಸ ಕೆಲಸ, ಜ್ವರ ಬಂದ ದಿನ ಮ್ಯಾನೇಜರ್‌ಗೆ 'ಸರ್, ಆರಾಮಿಲ್ರಿ, ಇವತ್ತ ಬರಂಗಿಲ್ಲ' ಅಂತ ಮೆಸೇಜ್ ಹಾಕಿದ್ರೆ ಅವರು 'ಆರಾಮ್ ಯಾರಿಗಿದೆ ಹೇಳಿ, ಕೆಲಸ ತುಂಬಾ ಇದೆ ಬನ್ನಿ' ಅಂದ್ರಂತೆ. ಈ ಪದ ಉರ್ದೂದು ಅಂತ ಗೆಳೆಯ, ಸಂಸ್ಕೃತದ್ದು ಅಂತ ನಿಮ್ಮ ಹಳೇ ಮೇಷ್ಟ್ರು, ಯಾರು ಸರಿ ಅಂತ ಕೇಳಿದೀರ.

ಗೆಳೆಯ ಹೆಚ್ಚು ಸರಿ. ನಾವು ಬಾಯಲ್ಲಿ ಆಡೋ ಆರಾಮ್ ಮೂಲದಲ್ಲಿ ಪರ್ಷಿಯನ್, ನೆಮ್ಮದಿ, ವಿಶ್ರಾಂತಿ ಅಂತ ಅರ್ಥ, ಉರ್ದು, ಹಿಂದಿ, ಮರಾಠಿ ಎಲ್ಲದ್ರಲ್ಲೂ ಓಡಾಡ್ತಿದೆ. ಆದ್ರೆ ಮೇಷ್ಟ್ರೂ ಸುಳ್ಳು ಹೇಳಿಲ್ಲ. ಸಂಸ್ಕೃತದಲ್ಲಿ ಆರಾಮ ಅಂದ್ರೆ ತೋಟ, ಅಮರಕೋಶ ಅನ್ನೋ ಹಳೇ ಸಂಸ್ಕೃತ ನಿಘಂಟು ಅದನ್ನ ಉಪವನ ಅಂತಾನೇ ಹೇಳತ್ತೆ, ಬೌದ್ಧ ಭಿಕ್ಷುಗಳು ಇರೋ ಜಾಗಕ್ಕೆ ಸಂಘಾರಾಮ ಅಂತಾರಲ್ಲ, ಅದರಲ್ಲಿರೋದೂ ಅದೇ. ವಿರಾಮ, ರಮಿಸು ಇವುಗಳಲ್ಲಿರೋ 'ರಮ್' ಧಾತುವಿಗೂ ಪರ್ಷಿಯನ್ ಪದದ ಬೇರಿಗೂ ಹಳೇ ನೆಂಟಸ್ತನ ಇದೆ.

ನಂಗೆ ಇದಕ್ಕಿಂತ ಮಜಾ ಅನ್ಸೋದು ನಿಮ್ಮ ಮ್ಯಾನೇಜರ್ ಕಡೆಯ ಮಾತು. ಅವರಿಗೆ ಜ್ವರ ಬಂದ್ರೆ 'ಹುಷಾರಿಲ್ಲ' ಅಂತಾರೆ ತಾನೆ, ಆ ಹುಷಾರೂ ಪರ್ಷಿಯನ್ನೇ, ಹೋಶ್ ಅಂದ್ರೆ ಪ್ರಜ್ಞೆ, ಎಚ್ಚರ, ಹೋಶಿಯಾರ್ ಅಂದ್ರೆ ಎಚ್ಚರವಾಗಿರೋನು. ನೋಡಿ ಹೆಂಗಿದೆ, ಒಂದು ಪದ ಸಡಿಲವಾಗಿ ಕೂರೋದು, ಇನ್ನೊಂದು ಮೈಯೆಲ್ಲಾ ಕಣ್ಣಾಗಿರೋದು, ಒಂದಕ್ಕೊಂದು ಪೂರ್ತಿ ಉಲ್ಟಾ, ಮುಂದೆ 'ಇಲ್ಲ' ಸೇರಿಸಿದ ತಕ್ಷಣ ಎರಡೂ ಕಾಯಿಲೆ! ದಿನವಿಡೀ ಹಾಸಿಗೆ ಬಿಟ್ಟು ಏಳದೇ ಇರೋನನ್ನ ನೀವು ಆರಾಮಿಲ್ಲ ಅಂತೀರ, ಅವರು ಹುಷಾರಿಲ್ಲ ಅಂತಾರೆ. ಊರಿಗೆ ಹೊರಟವರಿಗೂ ಅಷ್ಟೇ, 'ಹುಷಾರಾಗಿ ಹೋಗಿ' ಅಂತ ಒಬ್ರು, 'ಆರಾಮಾಗಿ ಹೋಗ್ರಿ' ಅಂತ ಇನ್ನೊಬ್ರು.

ಬರೀ ಆರಾಮಾಗಿ ಅನ್ನೋದು ಎಲ್ಲಾ ಕಡೆ ನಡೆಯತ್ತೆ ಬಿಡಿ. 'ಈ ಕಾರಲ್ಲಿ ಐದು ಜನ ಆರಾಮಾಗಿ ಕೂರಬಹುದು', 'ಎರಡು ಗಂಟೇಲಿ ಆರಾಮಾಗಿ ಹೋಗ್ಬಿಡ್ತೀವಿ', ಇಲ್ಲೆಲ್ಲ ರೆಸ್ಟ್ ಮಾತೇ ಇಲ್ಲ, ಸಲೀಸಾಗಿ ಅಂತ. ಲೇಟಾಗಿ ಬಂದವನಿಗೆ 'ಏನ್ ಸ್ವಾಮಿ, ಆರಾಮಾಗಿ ಬಂದ್ರಾ' ಅಂದ್ರೆ ಅದು ಬೈಗುಳ.

ಈಗಿನ ಹುಡುಗರು ಇದರ ಜಾಗಕ್ಕೆ ಚಿಲ್ ತಂದಿದಾರಲ್ಲ ಅಂತ ಕೊನೇಲಿ ಬೇಜಾರಾಗಿದೀರ. ತಂದಿಲ್ಲ ಅನ್ಸತ್ತೆ ನಂಗೆ. ಚಿಲ್ ಮಾಡು ಮಗಾ ಅಂತಾರೆ ನಿಜ, ಆದ್ರೆ ಅಜ್ಜಿ ಈಗ ಚಿಲ್ ಆಗಿದಾರೆ ಅಂದ್ರೆ ಜ್ವರ ಬಿಟ್ಟಿದೆ ಅಂತ ಯಾರಿಗೆ ಅರ್ಥ ಆಗತ್ತೆ?

ಮ್ಯಾನೇಜರ್‌ಗೆ ಮುಂದಿನ ಸಲ ಸೀದಾ 'ಜ್ವರ' ಅಂತಲೇ ಹಾಕಿ. ಅಂದ ಹಾಗೆ, ಈಗ ಆರಾಮ್ ಆದ್ರಿ?

— ಸಂಪಾದಕ