ಪಾತ್ರೆ ತೊಳೆಯೋದು ಅಂದ್ರೆ ಆಗದವರಿಗೆ

ಅಡುಗೆ ಮಾಡಲು ಬೇಜಾರಿಲ್ಲ, ಆದರೆ ಸಿಂಕ್ ತುಂಬಿದ ಪಾತ್ರೆ ಕಂಡರೆ ಮೈಯೆಲ್ಲ ಉರಿಯುತ್ತದೆ, ಒಬ್ಬರೇ ಇದ್ದೀರಿ, ಬರುವುದು ಬೋರ್‌ವೆಲ್ ನೀರು, ಕೆಲಸದವರನ್ನು ಇಟ್ಟುಕೊಳ್ಳುವ ಯೋಚನೆಯಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ.

ಈ ಬೇಜಾರಿನಲ್ಲಿ ಮುಕ್ಕಾಲು ಪಾಲು ಒಣಗಿದ ಪಾತ್ರೆಯದು. ಹಸಿಯಿದ್ದಾಗ ಒಂದು ನಿಮಿಷಕ್ಕೆ ಮುಗಿಯುವ ಮುದ್ದೆ ಪಾತ್ರೆ, ರಾತ್ರಿಯೆಲ್ಲ ಹಾಗೇ ಬಿಟ್ಟರೆ ಬೆಳಿಗ್ಗೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಮನಸ್ಸು ಬದಲಾಯಿಸುವ ಉಪಾಯ ನನ್ನ ಹತ್ತಿರ ಇಲ್ಲ. ಕೆಲಸ ಕಮ್ಮಿ ಮಾಡುವ ಉಪಾಯ ಇದೆ.

ಪಾತ್ರೆ ಖಾಲಿಯಾದ ಕೂಡಲೇ ತೊಳೆಯಬೇಕೆಂದಿಲ್ಲ, ನೀರು ಹಾಕಿಡಿ ಸಾಕು. ಆದರೆ ಎಂಥ ನೀರು ಅನ್ನುವುದು ಮುಖ್ಯ. ಹಾಲು, ಮೊಟ್ಟೆ ಮೆತ್ತಿದ್ದಕ್ಕೆ ಮೊದಲು ತಣ್ಣೀರು. ಕುದಿಯುವ ನೀರು ಬಿದ್ದರೆ ಅದರ ಪ್ರೋಟೀನ್ ಬೆಂದು ತಳಕ್ಕೆ ಕಚ್ಚಿಕೊಳ್ಳುತ್ತದೆ. ಮುದ್ದೆ, ಅನ್ನ, ದೋಸೆಹಿಟ್ಟಿನದು ಪಿಷ್ಟ, ಅದು ನೀರು ಕುಡಿದು ಉಬ್ಬಬೇಕು: ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಎಣ್ಣೆ ಬಾಣಲೆಗೆ ಮಾತ್ರ ಮೊದಲೇ ನೀರು ಹಾಕಬೇಡಿ. ಹಳೇ ಪೇಪರಿನಿಂದ ಒರೆಸಿ, ಆಮೇಲೆ ಬಿಸಿನೀರು, ಸೋಪು. ಒರೆಸದೆ ತೊಳೆದರೆ ಜಿಡ್ಡು ಸ್ಕ್ರಬ್ಬರಿಗೆ ಹತ್ತುತ್ತದೆ, ಅಲ್ಲಿಂದ ಕಾಫಿ ಲೋಟಕ್ಕೆ, ಉಳಿದದ್ದು ಪೈಪಿನಲ್ಲಿ ಹೆಪ್ಪುಗಟ್ಟಿ ಸಿಂಕ್ ಕಟ್ಟಿಕೊಳ್ಳುತ್ತದೆ. ಜಿಡ್ಡಿಗೆ ಸೀಗೇಪುಡಿಯೂ ಚೆನ್ನ. ಕೈಗೆ ಸೋಪು ಆಗದವರು ಅದನ್ನೇ ಬಳಸಬಹುದು, ಇಲ್ಲವೇ ರಬ್ಬರ್ ಗ್ಲೌಸ್ ಹಾಕಿಕೊಳ್ಳಬಹುದು.

ತೊಳೆಯಲೆಂದೇ ಬೇರೆ ಹೊತ್ತು ಇಟ್ಟುಕೊಂಡರೆ ಅದು ಬರುವುದೇ ಇಲ್ಲ. ಕುಕ್ಕರ್ ಒಲೆಯ ಮೇಲಿರುವ ಹತ್ತು ಹನ್ನೆರಡು ನಿಮಿಷ ಹೇಗೂ ಅಡುಗೆಮನೆ ಬಿಟ್ಟು ಹೋಗುವ ಹಾಗಿಲ್ಲ. ಒಬ್ಬರ ಪಾತ್ರೆಗೆ ಅಷ್ಟು ಸಾಕು. ಲೋಟ, ಚಮಚ ಮೊದಲು, ತಟ್ಟೆ ಆಮೇಲೆ, ಜಿಡ್ಡಿನ ಬಾಣಲೆ ಕೊನೆಗೆ. ಎಲ್ಲಕ್ಕೂ ಸೋಪು ಹಚ್ಚಿಟ್ಟು ಒಟ್ಟಿಗೆ ಗಲಬರಿಸಿದರೆ ನೀರೂ ಉಳಿಯುತ್ತದೆ. ಎರಡು ತಟ್ಟೆ, ಎರಡು ಲೋಟ, ಎರಡು ಬಟ್ಟಲು ಹೊರಗಿಟ್ಟು ಉಳಿದದ್ದನ್ನು ಅಟ್ಟಕ್ಕೆ ಸೇರಿಸಿ. ತಟ್ಟೆ ಎಂಟಿದ್ದರೆ ಎಂಟೂ ಸಿಂಕಿಗೆ ಬೀಳುವವರೆಗೆ ಯಾರೂ ತೊಳೆಯುವುದಿಲ್ಲ.

ಬೆನ್ನು ನೋಯುವುದೂ ಈ ಕೆಲಸ ಬೇಡವೆನಿಸಲು ದೊಡ್ಡ ಕಾರಣ, ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಅಡುಗೆಕಟ್ಟೆಗಳು ಎತ್ತರದವರಿಗೆ ತಗ್ಗು, ಸಿಂಕಿನ ತಳ ಇನ್ನೂ ಎಂಟೊಂಬತ್ತು ಇಂಚು ಕೆಳಗೆ. ಸಿಂಕಿನೊಳಗೆ ಒಂದು ಪಾತ್ರೆ ಬೋರಲು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಟಬ್ ಇಟ್ಟು ಅದರಲ್ಲಿ ತೊಳೆಯಿರಿ. ಬಗ್ಗುವುದು ತಪ್ಪುತ್ತದೆ.

ಬೋರ್ ನೀರಿನ ಸಂಗತಿ ಬೇರೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಸೋಪು ನೊರೆಯಾಗುವುದಿಲ್ಲ, ತೊಳೆದ ಸ್ಟೀಲ್ ಮೇಲೂ ಬಿಳಿ ಕಲೆ ಉಳಿಯುತ್ತದೆ. ಕಷ್ಟಪಟ್ಟು ತೊಳೆದದ್ದು ಕೊಳಕಾಗಿ ಕಂಡರೆ ಉತ್ಸಾಹ ಎಲ್ಲಿಂದ ಬರಬೇಕು? ಸೋಪು ಜಾಸ್ತಿ ಹಾಕಿ ಪ್ರಯೋಜನವಿಲ್ಲ. ಗಲಬರಿಸಿದ ತಕ್ಷಣ ಹತ್ತಿಬಟ್ಟೆಯಿಂದ ಒರೆಸಿ, ಏಕೆಂದರೆ ಕಲೆಯಾಗುವುದು ನೀರು ಆರುವಾಗ. ಹಳೇ ಕಲೆಗೆ ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು (ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಹರಳು) ಹಾಕಿ ಹದಿನೈದು ನಿಮಿಷ ಮುಳುಗಿಸಿಡಿ. ಬಾತ್‌ರೂಮಿನ ಆಸಿಡ್ ಪಾತ್ರೆಯ ಹತ್ತಿರ ಸುಳಿಯಕೂಡದು.

ಹಾಲು ತಳ ಹಿಡಿದ ಸ್ಟೀಲ್ ಪಾತ್ರೆಗೆ ಸೀದದ್ದು ಮುಳುಗುವಷ್ಟು ನೀರು, ಎರಡು ಚಮಚ ಅಡುಗೆ ಸೋಡ ಹಾಕಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಮರದ ಸೌಟಿನಿಂದ ಎಬ್ಬಿಸಿ. ಅಲ್ಯೂಮಿನಿಯಂಗೆ ಮಾತ್ರ ಸೋಡ ಬೇಡ, ಕಪ್ಪಾಗುತ್ತದೆ. ಅದಕ್ಕೆ ಹುಣಸೆಹಣ್ಣಿನ ನೀರು ಕುದಿಸಿ. ಹಾಲು ಹಾಕುವ ಮೊದಲು ಪಾತ್ರೆಯಲ್ಲಿ ಸ್ವಲ್ಪ ನೀರು ಆಡಿಸಿ ಚೆಲ್ಲಿದರೆ ತಳ ಹಿಡಿಯುವುದೇ ಕಮ್ಮಿ.

ಮಿಕ್ಸಿ ಜಾರನ್ನು ನೆನೆಹಾಕಬೇಡಿ, ಅಡಿಯ ಬೇರಿಂಗಿಗೆ ನೀರು ಹೊಕ್ಕು ತುಕ್ಕು ಹಿಡಿಯುತ್ತದೆ. ಅರ್ಧ ಲೋಟ ನೀರು, ಎರಡು ಹನಿ ಸೋಪು ಹಾಕಿ ಹತ್ತು ಸೆಕೆಂಡು ತಿರುಗಿಸಿದರೆ ಆಯಿತು. ಕಬ್ಬಿಣದ ಕಾವಲಿಯೂ ನೀರಲ್ಲಿ ಕೂರಬಾರದು. ಒರೆಸಿ ಎಣ್ಣೆ ಸವರಿಡಿ. ಕುಕ್ಕರಿನ ಮುಚ್ಚಳ ತೊಳೆಯುವಾಗ ಗ್ಯಾಸ್ಕೆಟ್ ಬಿಚ್ಚಿ, ವಿಸಿಲ್ ಕೂರುವ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಬೇಳೆ ನೊರೆ ಅಲ್ಲೇ ಒಣಗಿ ತೂತು ಮುಚ್ಚುತ್ತದೆ.

ಇಷ್ಟಾದರೂ ಆಗದಿದ್ದರೆ ಡಿಶ್‌ವಾಷರ್ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಒಬ್ಬರ ಮನೆಯಲ್ಲಿ ಅದು ತುಂಬಲು ಎರಡು ದಿನ ಹಿಡಿಯಬಹುದು, ಅಷ್ಟು ದಿನಕ್ಕೆ ಸಾಲುವಷ್ಟು ತಟ್ಟೆಯನ್ನು ಅಟ್ಟದಿಂದ ಇಳಿಸಬೇಕು. ಅಲ್ಯೂಮಿನಿಯಂ, ಹಿತ್ತಾಳೆ, ಕಬ್ಬಿಣದ ಕಾವಲಿ, ಮರದ ಸೌಟು ಒಳಗೆ ಹೋಗುವಂತಿಲ್ಲ. ಕೊಳ್ಳುವ ಮೊದಲು ನೀರಿನ ಗಡಸುತನ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ಯಂತ್ರದಲ್ಲಿ ಹೊಂದಿಸಿ. ಡಿಶ್‌ವಾಷರ್ ಉಪ್ಪು ಅಂತಲೇ ಸಿಗುತ್ತದೆ, ಅದನ್ನೇ ಹಾಕಿ. ಅಡುಗೆಯ ಪುಡಿ ಉಪ್ಪು ಹಾಕಿದರೆ ನೀರು ಮೆದು ಮಾಡುವ ಭಾಗ ಕಟ್ಟಿಕೊಳ್ಳುತ್ತದೆ.