ಕಿರೀಟ ಬಿಡಿ, ಬಾಸಿಂಗದಿಂದ ಶುರು ಮಾಡಿ

ನಮಸ್ಕಾರ.

ಬೇಲೂರಿನಿಂದ ನೀವು ಕಳಿಸಿದ ‘ಕಾರೊನೇಷನ್ ಎಂದರೇನು?’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ಮೊದಲ ಪುಟ ಪೂರ್ತಿ ಡಿಕ್ಷನರಿ. ಆ ಪದ ಬಂದದ್ದು ಲ್ಯಾಟಿನ್ನಿನ ‘ಕೊರೊನಾ’ದಿಂದ, ಹಾಗೆಂದರೆ ಕಿರೀಟ ಅಂತ ಒಂದು ಸಾಲು ಸಾಕಿತ್ತು. ವೈರಸ್ಸಿಗೆ ಆ ಹೆಸರು ಬಂದ ಕಥೆಗೆ ಎರಡು ಪ್ಯಾರಾ ಬೇಕಿತ್ತಾ?

ಒಂದು ತಪ್ಪನ್ನಂತೂ ಬಿಡುವ ಹಾಗಿಲ್ಲ. ಬ್ರಿಟನ್ನಿನ ಎರಡನೇ ಎಲಿಜಬೆತ್ 1953ರಲ್ಲಿ ರಾಣಿಯಾದರು ಎಂದು ಬರೆದಿದ್ದೀರಿ. ರಾಣಿಯಾದದ್ದು 1952ರ ಫೆಬ್ರವರಿ 6ರಂದು, ಅಪ್ಪ ತೀರಿಕೊಂಡ ದಿನವೇ. ಕಾರೊನೇಷನ್ ನಡೆದದ್ದು 1953ರ ಜೂನ್ 2ಕ್ಕೆ. ಗದ್ದುಗೆಗೆ ಬರುವುದು ಬೇರೆ, ಕಿರೀಟ ಇಡುವ ಶಾಸ್ತ್ರ ಬೇರೆ. ಅವರ ದೊಡ್ಡಪ್ಪ ಎಂಟನೇ ಎಡ್ವರ್ಡ್ 1936ರ ಜನವರಿಯಲ್ಲಿ ರಾಜನಾದ, ಡಿಸೆಂಬರಿನಲ್ಲಿ ಗದ್ದುಗೆ ಬಿಟ್ಟ. ಕಿರೀಟ ತಲೆಗೇರಲೇ ಇಲ್ಲ. ಅವನಿಗೆಂದು ಗೊತ್ತು ಮಾಡಿದ್ದ 1937ರ ಮೇ 12ರಂದೇ ತಮ್ಮನಿಗೆ ಕಿರೀಟ ಇಟ್ಟರು! ಮುಹೂರ್ತ ಹಾಗೇ ಉಳಿದು ಮದುಮಗ ಬದಲಾದ ಹಾಗೆ.

‘ಪಂಚಾಯಿತಿ ಅಧ್ಯಕ್ಷರ ಕಾರೊನೇಷನ್’ ಅಂದಿದ್ದೀರಿ. ಪೈಪೋಟಿಯೇ ಇಲ್ಲದೆ ಒಬ್ಬರನ್ನು ಕೂರಿಸಿದಾಗ ಇಂಗ್ಲಿಷಿನವರು ಹಾಗೆ ಚುಚ್ಚುವುದುಂಟು. ನಿಮ್ಮ ಅಧ್ಯಕ್ಷರು ಓಟಿನಲ್ಲಿ ಗೆದ್ದವರು ಅಲ್ವಾ?

ಈಗ ಅಸಲು ವಿಷಯ. ಕಾರೊನೇಷನ್ ಅಂದರೆ ಪಟ್ಟಾಭಿಷೇಕ ಅಂತ ಬರೆದು ಮುಂದೆ ಹೋಗಿಬಿಟ್ಟಿರಿ. ಅಲ್ಲೇ ನಿಲ್ಲಬೇಕಿತ್ತು. ನಮ್ಮ ಮಾತಿನಲ್ಲಿ ಕಿರೀಟ ಎಲ್ಲಿದೆ? ಪಟ್ಟ ಎಂದರೆ ಹಣೆಗೆ ಕಟ್ಟುವ ಚಿನ್ನದ ಪಟ್ಟಿ. ಅಭಿಷೇಕ ಎಂದರೆ ತಲೆಗೆ ನೀರು ಹೊಯ್ಯುವುದು. ಅದಕ್ಕೇ ನಾವು ಪಟ್ಟ ‘ಕಟ್ಟು’ತ್ತೇವೆ, ‘ಇಡು’ವುದಿಲ್ಲ. ಲಂಡನ್ನಿನಲ್ಲೂ ಅಭಿಷೇಕ ಇದೆ, ಎಣ್ಣೆಯದು. 2023ರ ಮೇ 6ರಂದು ಮೂರನೇ ಚಾರ್ಲ್ಸ್‌ಗೆ ಎಣ್ಣೆ ಹಚ್ಚುವಾಗ ಪರದೆ ಹಿಡಿದಿದ್ದರು. ಕಿರೀಟ ಇಟ್ಟದ್ದನ್ನು ಮಾತ್ರ ಲೋಕವೆಲ್ಲ ನೋಡಿತು. ಇಂಗ್ಲಿಷ್ ಪದದಲ್ಲೂ ಅದೊಂದೇ ಇದೆ.

ನಿಮ್ಮದು ಶಾಂತಲೆಯನ್ನು ದಿನಾ ಪಟ್ಟದರಸಿ ಅಂತ ಕರೆಯುವ ಊರು. ಆ ‘ಪಟ್ಟ’ ನಿಮಗೆ ಕಾಣಲೇ ಇಲ್ಲವಾ? ಕೊನೆಯ ಪುಟದಲ್ಲಿ ಅಜ್ಜಿ ನಿಮ್ಮ ಚಿಕ್ಕಪ್ಪನ ಹಣೆಗೆ ಬಾಸಿಂಗ ಕಟ್ಟುತ್ತಾ ‘ಇವತ್ತು ನೀನೇ ದೊರೆ ಕಣೋ’ ಅನ್ನುತ್ತಾರೆ. ದಾರ ಬಿಗಿಯಾಗಿ ಚಿಕ್ಕಪ್ಪ ‘ಅಯ್ಯೋ’ ಅನ್ನುತ್ತಾರೆ. ಇದನ್ನು ಸುಮ್ನೆ ಮೂರು ಸಾಲಲ್ಲಿ ಮುಗಿಸಿದ್ದೀರಿ! ಅಲ್ಲಿಂದ ಶುರು ಮಾಡಿ. ಎರಡು ಪುಟಕ್ಕಿಂತ ಜಾಸ್ತಿ ಬೇಡ. ಹಾಸನಕ್ಕೆ ಬಂದಾಗ ಕೈಗೇ ಕೊಟ್ಟರೂ ಸರಿ.

ಹಾಂ, ‘ಕಾರೊನೇಟ್ ಮಾಡಿದರು’ ಅನ್ನುವುದನ್ನು ಹೊಡೆದು ಹಾಕಿ. ಇಂಗ್ಲಿಷಿನವರೇ ‘ಕ್ರೌನ್’ ಅನ್ನುತ್ತಾರೆ. ನಮಗೆ ‘ಪಟ್ಟ ಕಟ್ಟಿದರು’ ಇದೆಯಲ್ಲ.